ಶಬ್ದದ ಗಂಡನ ಮನೆ

ಗುರೂಜಿಯ ಬಲ ಮೊಣಕಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಅವರು ಕೂತ ಬೆಂಚು ನಡುಗಿ, ದೌತಿಯ ಮಸಿ ಅಂಚಿಗೆ ಬಂದು ತುಳುಕುತ್ತಿತ್ತು. ಔರಾದದ ಶಾಲೆಯಲ್ಲಿ ಅವರು ಮರಾಠಿ ಕಲಿಸುವವರು, ನಾನು ಹೊಸದಾಗಿ ಬಂದ ಕನ್ನಡ ಮಾಸ್ತರ. ಬೀದರ ಆಗತಾನೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಎರಡು ಸಲದೊಳಗೆ ಕನ್ನಡ ಪರೀಕ್ಷೆ ಪಾಸಾಗದವರನ್ನು ಮನೆಗೆ ಕಳಿಸುತ್ತಾರೆಂದು ಸುದ್ದಿ ಹಬ್ಬಿತ್ತು. ನಲವತ್ತು ದಾಟಿದ ಗುರೂಜಿ ಇಪ್ಪತ್ತೆರಡರ ನನ್ನ ಮುಂದೆ ಪಾಟಿ ಹಿಡಿದು ಕೂತರು.

ಸಂತೆಯ ಕನ್ನಡ ಅವರಿಗೆ ಬರುತ್ತಿತ್ತು. ಪುಸ್ತಕದ ಕನ್ನಡವೇ ತಲೆನೋವು. ಪದ್ಯವೊಂದರಲ್ಲಿ ‘ಊರೆಲ್ಲ ನಕ್ಕಿತು’ ಎಂದು ಬಂದಾಗ ನನ್ನನ್ನು ತಡೆದರು.

“ಊರು ಹ್ಯಾಂಗ ನಗ್ತದ್ರಿ ಮಾಸ್ತರ? ಊರಿಗಿ ಬಾಯಿ ಎಲ್ಲದ?”

“ಊರು ಅಂದ್ರ ಊರಾಗಿನ ಮಂದಿ, ಗುರೂಜಿ. ಶಬ್ದದ ಮೂಲ ಅರ್ಥ ಬ್ಯಾರೆ, ಇಲ್ಲಿ ಹೊಂದೋ ಅರ್ಥ ಬ್ಯಾರೆ. ಇದಕ್ಕ ಲಕ್ಷಣಾರ್ಥ ಅಂತಾರ್ರಿ.”

ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದರು. “ಅಂದ್ರ ಶಬ್ದಕ್ಕೂ ತವರಮನಿ, ಗಂಡನ ಮನಿ ಅಂತ ಎರಡವ. ಅಲ್ಲಿ ನಡದಂಗ ಇಲ್ಲಿ ನಡ್ಯಂಗಿಲ್ಲ.” ನಾನು ಓದಿದ ಯಾವ ಶಾಸ್ತ್ರವೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ನುಡಿಗಟ್ಟುಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೆವು. ಆ ವಾರವೇ ನನಗೆ ಬೀದರಿಗೆ ವರ್ಗ ಮಾಡಿಸಿಕೊಳ್ಳುವ ಹುಚ್ಚು ಹತ್ತಿತು. “ಎರಡು ದಿನದಾಗ ಬರ್ತೇನಿ” ಎಂದು ಹೋದವನು ಕಚೇರಿಯಿಂದ ಕಚೇರಿಗೆ ಅಲೆದು, ಕೆಲಸ ಆದಮೇಲೆ ಬೀದರಿನ ಚಿದ್ರಿಯಲ್ಲಿ ಕೋಣೆ ಹಿಡಿದು ಅಲ್ಲೇ ಉಳಿದೆ. ಗುರೂಜಿಗೆ ಒಂದು ಕಾಗದವನ್ನೂ ಹಾಕಲಿಲ್ಲ.

ಪರೀಕ್ಷೆ ಬೀದರಿನಲ್ಲೇ ನಡೆಯಿತು. ನಾಚಿಕೆಯಾದರೂ ಮನಸ್ಸು ತಡೆಯದೆ ಗೇಟಿನ ಬಳಿ ಹೋಗಿ ನಿಂತೆ. ಗುರೂಜಿ ನಗುತ್ತ ಹೊರಬಂದರು.

“‘ಕೈಕೊಡು’ ಅಂತ ಕೇಳಿದ್ರು. ಸಂಕಟದಾಗ ಆಸರ ಆಗೋದು ಅಂತ ಬರದೀನ್ರಿ. ವಾಕ್ಯದಾಗ ನಿಮ್ಮನ್ನೇ ಹಾಕೀನಿ. ‘ಕನ್ನಡ ಮಾಸ್ತರರು ನನಗೆ ಕೈಕೊಟ್ಟರು.’”

ಮರಾಠಿಯಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಕನ್ನಡದಲ್ಲಿ, ನಂಬಿದವರನ್ನು ನಡುನೀರಿನಲ್ಲಿ ಬಿಟ್ಟುಹೋಗುವುದು. “ಬರೋಬ್ಬರಿ ಅದ, ಗುರೂಜಿ” ಎಂದೆ. ಹೇಡಿ ನಾನು.

ಅವರು ಫೇಲಾದರು. ಸುದ್ದಿ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಔರಾದದ ಬಸ್ಸಿನವರೆಗೆ ಹೋಗಿ ಹೋಗಿ ತಿರುಗಿ ಬರುತ್ತಿದ್ದೆ. ಒಂದು ರವಿವಾರ ಬಾಗಿಲು ತೆಗೆದರೆ ಅವರೇ ಪಾಟಿ ಹಿಡಿದು ನಿಂತಿದ್ದರು. ಬೈಯಲಿ ಎಂದು ಕಾದೆ.

“ಆ ಶಬ್ದದ ಅರ್ಥ ತಿಳೀತ್ರಿ ಮಾಸ್ತರ. ನಾ ಬರದ ಅರ್ಥ ತಪ್ಪಿತ್ತು, ವಾಕ್ಯ ಖರೇ ಇತ್ತು.” ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. “ಉಳಿದವು ಹೇಳ್ರಿ. ಇನ್ನೊಂದೇ ಸಲ ಅದ.”

ಮುಂದಿನ ವಾರದಿಂದ ನಾನೇ ಔರಾದಕ್ಕೆ ಹೋದೆ, ಒಂದು ರವಿವಾರವೂ ತಪ್ಪಿಸಲಿಲ್ಲ. ಅವರು ಪಾಸಾದರು, ನೌಕರಿ ಉಳಿಯಿತು. ಭಾಲ್ಕಿಯಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದರು. ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ, ಅದು ನನ್ನನ್ನು ಇನ್ನಷ್ಟು ಸುಡುತ್ತಿತ್ತು.

ಅವರು ತೀರಿಕೊಂಡ ಮೇಲೂ ಬಹಳ ವರ್ಷ ನಾನು ನುಡಿಗಟ್ಟು ಕಲಿಸಿದೆ. ‘ಕೈಕೊಡು’ ಬಂದಾಗ ಮಕ್ಕಳು ಗೆಳೆಯರ ಹೆಸರು ಹಾಕಿ ವಾಕ್ಯ ಮಾಡಿ ನಗುತ್ತಿದ್ದರು. ನಾನು ಬೋರ್ಡಿನ ಮೇಲೆ ನನ್ನ ಹೆಸರನ್ನೇ ಬರೆಯುತ್ತಿದ್ದೆ.