ಹೆಸರು ತಿಳಿಯದ ಆ ವಿಮಾನದವರು

ತಿರುವನಂತಪುರದ ಕಳಕ್ಕೂಟಂನಲ್ಲಿ ನಾನು ಬಸ್ಸಿಗೆ ಕಾಯುವ ಜಾಗದ ಹಿಂದೆ ಒಂದು ಚರ್ಚಿದೆ. ಸಂಜೆ ಅಲ್ಲಿಂದ ಮೇಣದ ವಾಸನೆ ತೇಲಿ ಬಂದರೆ ಸಾಕು, ಕೊಚ್ಚಿಯ ರೋಸಮ್ಮ ಚೇಚಿ, ಅಂದರೆ ರೋಸಮ್ಮಕ್ಕ, ನೆನಪಾಗುತ್ತಾರೆ. ಇಲ್ಲಿಗೆ ವರ್ಗವಾಗುವ ಮುಂಚೆ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಬ್ಯಾಂಕಿನ ಕೆಲಸ ಇಂಗ್ಲಿಷಿನಲ್ಲೇ ನಡೆದುಹೋಗುತ್ತಿತ್ತು. ನನ್ನ ಮಲಯಾಳಂ ಮೀನು ಕೊಳ್ಳುವಷ್ಟಿತ್ತು. ಮೀನು ತಿನ್ನದವನಿಗೆ ಅದರಿಂದೇನು ಲಾಭ, ನೀವೇ ಹೇಳಿ.

ಆಗೊಮ್ಮೆ ಧಾರವಾಡದಿಂದ ಅವ್ವ ಬಂದಿದ್ದಳು. ಚೇಚಿ ಮೇಣದಬತ್ತಿ ಹಿಡಿದು ಹೊರಟಿದ್ದನ್ನು ಕಂಡು ತಾನೂ ಬರುತ್ತೇನೆಂದಳು. ಅವರ ಚರ್ಚಿನ ಗೋರಿಗಳನ್ನೆಲ್ಲ ದಾಟಿ, ಮೂಲೆಯ ಬರೀ ಹುಲ್ಲುನೆಲದ ಮುಂದೆ ಚೇಚಿ ಬತ್ತಿ ಹಚ್ಚಿದರು.

"ಇಲ್ಲಿ ಯಾರ ಗೋರಿಯೂ ಇಲ್ಲವಲ್ಲ, ಚೇಚಿ?" ಎಂದೆ.

"ಇದ್ದರು," ಎಂದರು.

ಮಹಾಯುದ್ಧದ ಕಾಲದಲ್ಲಿ ಒಂದು ಬಾಂಬರ್ ವಿಮಾನ ಅಲ್ಲಿನ ಕಡಲಿಗೆ ಬಿತ್ತಂತೆ. ಮೀನುಗಾರರಾಗಿದ್ದ ಚೇಚಿಯ ಅಪ್ಪ ದೋಣಿ ಒಯ್ದು ಸಿಕ್ಕವರನ್ನೆಲ್ಲ ದಡಕ್ಕೆ ತಂದರು. ಒಬ್ಬನಿಗೆ ಇನ್ನೂ ಜೀವವಿತ್ತು. ಅಪ್ಪ ಕುಡಿಸಿದ ನೀರು ಕುಡಿದು, ಅವರ ಕೈ ಹಿಡಿದೇ ಪ್ರಾಣ ಬಿಟ್ಟ. ಎಲ್ಲರನ್ನೂ ಇಲ್ಲೇ ಮಣ್ಣು ಮಾಡಿದರು. ಯುದ್ಧ ಮುಗಿದ ಮೇಲೆ ಸರ್ಕಾರದವರು ಬಂದು ಅವಶೇಷಗಳನ್ನು ಸೈನಿಕರ ಸ್ಮಶಾನಕ್ಕೆ ಒಯ್ದರು. ಅಪ್ಪ ಮಾತ್ರ ಪ್ರತಿವರ್ಷ ವಿಮಾನ ಬಿದ್ದ ದಿನ ಇಲ್ಲಿ ಬತ್ತಿ ಹಚ್ಚುವುದನ್ನು ಬಿಡಲಿಲ್ಲ. ಸಾಯುವಾಗ ಮಗಳಿಗೆ ಒಪ್ಪಿಸಿ ಹೋದರು.

ತಿಳಿದಷ್ಟನ್ನು ಅವ್ವನಿಗೆ ಹೇಳಿದೆ. ಅವ್ವ ಹುಲ್ಲಿನ ಮೇಲೆ ಕೂತುಬಿಟ್ಟಳು.

ಅವಳ ಅಪ್ಪನೂ ಬಾಂಬರಿನಲ್ಲಿದ್ದವನು, ವೈರ್‌ಲೆಸ್ ಕೆಲಸ. ಅವ್ವ ತೊಟ್ಟಿಲಲ್ಲಿದ್ದಾಗ ಬರ್ಮಾದ ಕಡೆ ಹೋದ ಅವನ ವಿಮಾನ ತಿರುಗಿ ಬರಲಿಲ್ಲ. ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಆ ಒಂದು ಮಾತನ್ನೇ ನೆಚ್ಚಿಕೊಂಡ ಅಜ್ಜಿ ಕೊನೆತನಕ ಕುಂಕುಮ ಅಳಿಸಲಿಲ್ಲ, ತಿಥಿ ಮಾಡಗೊಡಲಿಲ್ಲ. ಅಜ್ಜಿ ಹೋದ ಮೇಲೆ ಅವ್ವನಿಗೂ ಮನಸ್ಸು ಬರಲಿಲ್ಲ.

"ನಮ್ಮಪ್ಪಗೂ ಯಾರರ ಹಿಂಗ ನೀರು ಕುಡಿಸಿರಬೇಕಲ್ಲೋ," ಎಂದಳು.

"ಅವ್ವನ ಅಚ್ಛನ್, ವಿಮಾನಂ," ಅವ್ವನ ಅಪ್ಪ, ವಿಮಾನ, ಎನ್ನುವಷ್ಟಕ್ಕೆ ನನ್ನ ಮಲಯಾಳಂ ಮುಗಿಯಿತು. ಚೇಚಿಗೆ ಅಷ್ಟು ಸಾಕಾಯಿತು. ಇನ್ನೊಂದು ಬತ್ತಿಯನ್ನು ಅವ್ವನ ಕೈಗಿಟ್ಟು, ಅವಳಪ್ಪನ ಹೆಸರು ಕೇಳಿ, ತಮ್ಮ ಪ್ರಾರ್ಥನೆಯಲ್ಲಿ ಸೇರಿಸಿಕೊಂಡರು. ಗುರುನಾಥ ಎಂಬುದು ಅವರ ಬಾಯಲ್ಲಿ ಬೇರೇನೋ ಆಯಿತು. ಅವ್ವ ತಿದ್ದಲಿಲ್ಲ.

ನಮ್ಮ ಮನೆಯಲ್ಲಿ ಯಾರಿಂದಲೂ ಆಗದ್ದನ್ನು, ನಾವು ಮುಖವನ್ನೂ ಕಾಣದ ಒಬ್ಬ ಮೀನುಗಾರ ಮಾಡಿಕೊಟ್ಟಿದ್ದ. ಊರಿಗೆ ಹೋದವಳೇ ಅವ್ವ, ಚೇಚಿ ಬತ್ತಿ ಹಚ್ಚುವ ದಿನವನ್ನೇ ತನ್ನಪ್ಪನ ತಿಥಿಯೆಂದು ಹಿಡಿದಳು.

ನಿನ್ನೆ ಆ ದಿನ. ಅವ್ವ ಫೋನ್ ಮಾಡಿದ್ದಳು.

"ಈ ಸಲ ಎಲಿ ಹೆಚ್ಚಿಗಿ ಹಾಕ್ಸೀನಿ," ಎಂದಳು. "ಅಪ್ಪನ ಜೋಡಿ ವಿಮಾನದಾಗ ಇದ್ದವ್ರು ಯಾ ಊರವ್ರೋ, ಯಾ ದೇವ್ರಿಗೆ ನಡಕೊಳ್ಳವ್ರೋ. ಕೂಡೇ ಹೋದವ್ರು, ಕೂಡೇ ಉಣ್ಲಿ."