ಎರಡು ಸಲ ಕೇಳಿಸಿದ ಗೋಲು

ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆಫ್‌ಸೈಡ್ ಎಂದರೇನೆಂದು ನನ್ನ ಗಂಡ ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ ಹೋಳುಗಳನ್ನು ಜೋಡಿಸಿಟ್ಟು ಮೂರು ಸಲ ವಿವರಿಸಿದ್ದಾರೆ. ಮೂರು ಸಲವೂ ಅರ್ಥವಾದವಳ ಹಾಗೆ ತಲೆಯಾಡಿಸಿ ಹೋಳು ತಿಂದಿದ್ದೇನೆ. ಆದರೂ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನ ಕ್ಲಬ್ಬು ನಾಲ್ಕನೆಯ ಡಿವಿಜನ್ನಿನಿಂದ ಮೂರನೆಯದಕ್ಕೆ ಏರಿದ ವರ್ಷ, ಅದರ ಒಂದೊಂದು ಪಂದ್ಯದ ಫಲಿತಾಂಶವೂ ನನಗೆ ಬಾಯಿಪಾಠವಾಗಿತ್ತು. ಅದಕ್ಕೆ ಕಾರಣ ನನ್ನ ಬಾಸ್.

ಅದು ಎರಡು ಸಾವಿರದ ದಶಕದ ನಡುವಿನ ಕಾಲ. ಕತಾರಿನ ಮೆಸಯೀದಿನ ಕಾರ್ಖಾನೆಗಳಿಗೆ ರಿಪೇರಿ ಕೆಲಸ ಮಾಡಿಕೊಡುವ ಒಂದು ಕಾಂಟ್ರ್ಯಾಕ್ಟ್ ಕಂಪನಿಯಲ್ಲಿ ನಾನು ಸೆಕ್ರೆಟರಿ. ಬೆಳಿಗ್ಗೆ ಐದೂವರೆಗೆ ದೋಹಾದಿಂದ ಕಂಪನಿ ವ್ಯಾನಿನಲ್ಲಿ ತೂಕಡಿಸುತ್ತ ಹೋಗಿ, ಸಂಜೆ ತೂಕಡಿಸುತ್ತ ಬರುವುದು. ಬಾಸ್ ಇಂಗ್ಲೆಂಡಿನವರು, ಐವತ್ತೈದು ದಾಟಿದ ಆರಡಿಯ ಆಳು. ವೆಲ್ಡರ್ ಆಗಿ ಶುರು ಮಾಡಿ ಮ್ಯಾನೇಜರ್ ಆದವರು. ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ನನ್ನದೂ ಅಲ್ಲೇ ಇರುವುದರಿಂದ ನಮ್ಮಿಬ್ಬರಿಗೂ ಚೆನ್ನಾಗಿಯೇ ಹೊಂದಿಕೊಂಡಿತ್ತು.

ಅವರ ಕ್ಲಬ್ಬು ಆಡುವುದು ಶನಿವಾರ. ನಮಗೆ ವಾರ ಶುರುವಾಗುವುದು ಭಾನುವಾರ. ಕ್ಲಬ್ಬು ಸೋತಿದ್ದರೆ ಭಾನುವಾರ ಬೆಳಿಗ್ಗೆ ಯಾವ ಕಾಗದಕ್ಕೂ ಸಹಿ ಬೀಳುತ್ತಿರಲಿಲ್ಲ, ರಜೆಯ ಅರ್ಜಿಗಂತೂ ಇಲ್ಲವೇ ಇಲ್ಲ. ಇದನ್ನು ಮೊದಲು ಕಂಡುಹಿಡಿದವಳು ನಾನು. ಆಮೇಲೆ ಕಂಪ್ಯೂಟರಿನಲ್ಲಿ ಸ್ಕೋರು ನೋಡಿಕೊಂಡೇ ರಜೆಯ ಫೈಲು ಒಳಗೆ ಒಯ್ಯತೊಡಗಿದೆ. ಗುಟ್ಟು ವರ್ಕ್‌ಶಾಪಿಗೆ ತಲುಪಲು ತಡವಾಗಲಿಲ್ಲ. ಮದುವೆಗೆ ಹೊರಟ ಬಿಹಾರದ ಫಿಟ್ಟರ್, ಮಗು ನೋಡಲು ಕಾದಿದ್ದ ನೇಪಾಳದವನು, ಕೇರಳದ ಎಲೆಕ್ಟ್ರಿಷಿಯನ್, ಎಲ್ಲರೂ ಜನ್ಮದಲ್ಲಿ ಕಾಣದ ಊರಿನ ಕ್ಲಬ್ಬು ಗೆಲ್ಲಲೆಂದು ಹರಕೆ ಹೊತ್ತವರೇ. ಆ ವರ್ಷ ಕ್ಲಬ್ಬು ಗೆಲ್ಲುತ್ತಲೇ ಹೋಯಿತು. ಅಷ್ಟು ರಜೆ ಆ ಕಂಪನಿಯಲ್ಲಿ ಹಿಂದೆಂದೂ ಮಂಜೂರಾದದ್ದಿಲ್ಲ.

ಮಾರ್ಚ್ ಹೊತ್ತಿಗೆ ಬಾಸ್ ಊಟ ಬಿಟ್ಟು ಅಂಕಗಳ ಪಟ್ಟಿ ನೋಡುತ್ತ ಕೂರತೊಡಗಿದರು. ಮೊದಲ ಮೂರು ತಂಡಗಳು ನೇರವಾಗಿ ಮೇಲಿನ ಡಿವಿಜನ್ನಿಗೆ. ಇವರದು ಮೂರಕ್ಕೂ ನಾಲ್ಕಕ್ಕೂ ನಡುವೆ ಓಲಾಡುತ್ತಿತ್ತು. ಕೊನೆಗೆ ಎಲ್ಲವೂ ಮೇ ತಿಂಗಳಲ್ಲಿ ನಡೆಯುವ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಅದು ಅವರ ಊರಿನಲ್ಲೇ. ಗೆದ್ದರೆ ಮೇಲಕ್ಕೆ. ಬಾಸ್ ತಮ್ಮದೇ ರಜೆಯ ಅರ್ಜಿ ಟೈಪ್ ಮಾಡಲು ಹೇಳಿದರು. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಮೇಜಿನ ಮೇಲಿನ ಫೋಟೋ ತೋರಿಸಿದರು. ಕ್ಲಬ್ಬಿನ ಬಣ್ಣದ ಸ್ಕಾರ್ಫ್ ಸುತ್ತಿಕೊಂಡ ಮುದುಕಿ, ಅವರ ಅಮ್ಮ.

ಎಂಬತ್ತು ದಾಟಿದ ಆ ತಾಯಿ ಏಳನೆಯ ವಯಸ್ಸಿನಿಂದ ಅದೇ ಮೈದಾನಕ್ಕೆ ಹೋಗುತ್ತಿದ್ದವರಂತೆ. ಕೆಲವು ವರ್ಷಗಳಿಂದ ಕಣ್ಣು ಹೋಗಿದೆ, ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಆದರೂ ಊರಿನಲ್ಲಿ ಪಂದ್ಯವಿದ್ದರೆ ತಪ್ಪಿಸುವುದಿಲ್ಲ. ಪಕ್ಕದ ಮನೆಯವನು ಕರೆದೊಯ್ಯುತ್ತಾನೆ.

"ಅವನು ಒಳ್ಳೆಯವನೇ, ಆದರೆ ಬಾಯಿ ಬಿಡುವುದಿಲ್ಲ. ಗೋಲಾದರೆ 'ಆಯಿತು' ಅನ್ನುತ್ತಾನೆ, ಅಷ್ಟೆ," ಎಂದರು ಬಾಸ್. "ಹಿಂದಿನ ಸಲ ನಾವು ಮೇಲೇರಿದಾಗ ನಾನು ಅಮ್ಮನ ತೊಡೆಯ ಮೇಲಿದ್ದೆ, ಏನೂ ನೆನಪಿಲ್ಲ. ಕಂಡದ್ದನ್ನೆಲ್ಲ ನನಗೆ ಅವಳೇ ಹೇಳಿದ್ದು. ಈ ಸಲ ನಾನು ಪಕ್ಕದಲ್ಲಿ ಕೂತು ಅವಳಿಗೆ ಒಂದೊಂದು ಪಾಸನ್ನೂ ಹೇಳಬೇಕು. ಇನ್ನೊಂದು ಸಲ ಅವಳಿಗೆ ಸಿಗುವುದಿಲ್ಲ."

ಅಷ್ಟು ಹೇಳಿ ಅವರು ಸುಮ್ಮಸುಮ್ಮನೆ ಪ್ರಿಂಟರಿಗೆ ಬೈಯತೊಡಗಿದರು. ಈ ಮನುಷ್ಯನನ್ನು ಆ ಸೀಟಿನಲ್ಲಿ ಕೂರಿಸುವುದು ನನ್ನ ಜವಾಬ್ದಾರಿ ಎಂದು ಆ ಗಳಿಗೆಯಲ್ಲೇ ಮನಸ್ಸಿನಲ್ಲಿ ಬರೆದುಕೊಂಡೆ.

ಕತಾರಿನಿಂದ ಹೊರಹೋಗಲು ಟಿಕೆಟ್ಟು, ಪಾಸ್‌ಪೋರ್ಟು ಇದ್ದರೆ ಆಗ ಸಾಲುತ್ತಿರಲಿಲ್ಲ. ನಮ್ಮನ್ನು ಕರೆಸಿಕೊಂಡ ಪ್ರಾಯೋಜಕ, ಅಂದರೆ ಕಫೀಲ್, 'ಇವರು ಹೋಗಬಹುದು' ಎಂದು ಸಹಿ ಹಾಕಿದ ಎಕ್ಸಿಟ್ ಪರ್ಮಿಟ್ ಬೇಕಿತ್ತು. ಅರಬ್ಬಿಯಲ್ಲಿ ಬರೆದ ಒಂದು ಹಾಳೆ. ಅದನ್ನು ತರುವುದು ನಮ್ಮ ಆಫೀಸಿನ ಮಂದೂಬ್, ಸರ್ಕಾರಿ ಕಚೇರಿಗಳಿಗೆ ಓಡಾಡುವ ಬಂಟ್ವಾಳ ಕಡೆಯ ಬ್ಯಾರಿ. ವಯಸ್ಸಿನಲ್ಲಿ ಹಿರಿಯರು, ನಾನು ಕಾಕ ಎಂದು ಕರೆಯುತ್ತಿದ್ದೆ. ಕೆಲಸಗಾರರ ಪರ್ಮಿಟ್ಟು ಸದಾ ಕೊನೇ ಗಳಿಗೆಯದು. ಕಫೀಲನ ಹಿಂದೆ ಅಲೆದಾಡಿ, ವಿಮಾನದ ಹಿಂದಿನ ದಿನ ಸಂಜೆ ಕಾಕ ಬೆವರುತ್ತ ತಂದುಕೊಟ್ಟರೆ ಅದೇ ಪುಣ್ಯ. ಬಾಸಿನ ವಿಷಯದಲ್ಲಿ ಹಾಗಾಗಬಾರದೆಂದು ನಾನು ಹತ್ತು ದಿನ ಮೊದಲೇ ಫಾರಂ ಕೊಟ್ಟೆ.

"ಇಷ್ಟು ಬೇಗ ಎಂತಕ್ಕೆ ಮಾರಾಯ್ರೆ?" ಎಂದರು ಕಾಕ.

"ಬಾಸಿಂದು ಕಾಕ, ನಿಮ್ಮ ಯಾವಾಗಿನ 'ಬೊಕ್ಕ ನೋಡುವ, ಆಮೇಲೆ ನೋಡುವ' ಕತೆ ಇಲ್ಲಿ ಬೇಡ. ಇವತ್ತೇ ಹೋಗಿ," ಎಂದು ಗದರಿದೆ.

ಅವರು ಫಾರಂ ಹಿಡಿದು ಹೊರಟರು. ಮರುದಿನವೇ ಕಾಗದ ಬಂತು. ಮುದ್ರೆ ಇತ್ತು, ಸಹಿ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪಾಸ್‌ಪೋರ್ಟಿನ ಜೊತೆ ಡ್ರಾಯರಿಗೆ ಬೀಗ ಹಾಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಂದ್ಯದ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ನಾನು ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದಾಗ ಫೋನು ಬಂತು. ಬಾಸ್, ಏರ್‌ಪೋರ್ಟಿನಿಂದ. ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಸಣ್ಣ ದನಿಯಲ್ಲಿ, "ನನ್ನ ಕಾಗದ ಮುಗಿದಿದೆಯಂತೆ. ಮೊನ್ನೆಯೇ. ಬಿಡುತ್ತಿಲ್ಲ," ಎಂದರು.

ಮುಗಿಯುವುದೆಂದರೇನು? ಎಷ್ಟೊಂದು ಜನರನ್ನು ರಜೆಯ ಮೇಲೆ ಕಳಿಸಿದ್ದೆ, ಪರ್ಮಿಟ್ಟು ಮುಗಿದುಹೋದದ್ದು ಕೇಳಿಯೇ ಇರಲಿಲ್ಲ. ಕಾಕನಿಗೆ ಫೋನು ಹಚ್ಚಿದೆ.

"ಅದಕ್ಕೆ ಒಂದು ವಾರದ ಆಯುಷ್ಯ ಮಾರಾಯ್ರೆ! ವಾರದೊಳಗೆ ಹೊರಡದಿದ್ರೆ ಖಲಾಸ್," ಎಂದರು. "ನೀವು ಅಷ್ಟು ಅರ್ಜೆಂಟ್ ಮಾಡಿದ್ದು ನೋಡಿ ಆ ವಾರವೇ ಹೋಗ್ಲಿಕ್ಕೆ ಉಂಟು ಅಂತ ಗ್ರಹಿಸಿದೆ. ನಾನು ಕೇಳಿದ್ದೆ ಅಲ್ವಾ?"

"ಈಗ ಹೊಸತು ಮಾಡಿಸಿ ಕಾಕ. ಯಲ್ಲಾ, ಹೊರಡಿ. ಕಫೀಲ್ ಮನೆಗೇ ಹೋಗಿ."

"ಜುಮ್ಮಾ ದಿವಸ ಯಾವ ಆಫೀಸ್ ತೆರೆದಿರ್ತದೆ? ನಾಳೆಯೂ ಬಂದ್. ಮತ್ತೆ ಕಫೀಲ್ ಮಾಫಿ, ಊರಲ್ಲೇ ಇಲ್ಲ. ಅವರು ಮೊನ್ನೆಯೇ ಲಂಡನ್‌ಗೆ ಹೋಗಿ ಆಯ್ತು."

ಕಫೀಲ್ ಲಂಡನ್ನಿನಲ್ಲಿ, ಇಂಗ್ಲೆಂಡಿನವರು ದೋಹಾದಲ್ಲಿ. ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಕೊನೇ ಗಳಿಗೆಯಲ್ಲಿ ಓಡಾಡಿದ ಫಿಟ್ಟರ್‌ಗಳೆಲ್ಲ ಸರಾಗವಾಗಿ ಊರಿಗೆ ಹೋಗಿ ಬಂದಿದ್ದರು. ನಾನು ವಿಶೇಷ ಕಾಳಜಿ ಮಾಡಿದ ಒಬ್ಬರೇ ಒಬ್ಬರು ಏರ್‌ಪೋರ್ಟಿನಿಂದ ಪೆಟ್ಟಿಗೆ ಎಳೆದುಕೊಂಡು ಹಿಂದೆ ಬರುತ್ತಿದ್ದರು. ದೋಸೆ ಕರಕಾಗುವ ವಾಸನೆ ಬಂದರೂ ಏಳಲಾಗಲಿಲ್ಲ, ನನ್ನ ಗಂಡ ಬಂದು ಒಲೆ ಆರಿಸಿದರು.

ಶನಿವಾರ ಮನೆಯಲ್ಲಿ ಕೂರಲು ಆಗಲಿಲ್ಲ. ಸಂಜೆ ನಾಲ್ಕಕ್ಕೆ, "ಮೆಸಯೀದಿಗೆ ಬಿಡಿ," ಎಂದು ಗಂಡನನ್ನು ಹೊರಡಿಸಿದೆ. ಬಾಸ್ ಆಫೀಸಿನಲ್ಲೇ ಇರುತ್ತಾರೆಂದು ಗೊತ್ತಿತ್ತು. ಪಂದ್ಯದ ಕಾಮೆಂಟರಿ ಅವರು ಕೇಳುತ್ತಿದ್ದುದು ಅಲ್ಲಿನ ಇಂಟರ್ನೆಟ್ಟಿನಲ್ಲಿ. ದಾರಿಯುದ್ದಕ್ಕೂ ಕ್ಷಮೆಯ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಂಡೆ. ಅವರ ಕೋಣೆಯ ಬಾಗಿಲಲ್ಲಿ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಅವರು ಕ್ಲಬ್ಬಿನ ಅಂಗಿ ತೊಟ್ಟು ಫೋನಿನ ಮುಂದೆ ಕೂತಿದ್ದರು. ಐದಕ್ಕೆ ಹತ್ತು ನಿಮಿಷ. ನಮ್ಮ ಐದಕ್ಕೆ ಅಲ್ಲಿ ಆಟ ಶುರು.

"ಅಮ್ಮನಿಗೆ ಇನ್ನೂ ಹೇಳಿಲ್ಲ," ಎಂದರು. "ನಿನ್ನೆಯಿಂದ ಧೈರ್ಯವಾಗಲಿಲ್ಲ. ಸೀದಾ ಮೈದಾನಕ್ಕೇ ಬರುತ್ತೇನೆಂದು ಮೊದಲೇ ಹೇಳಿಟ್ಟಿದ್ದೆ. ಕಾಯುತ್ತ ಕೂತಿರುತ್ತಾಳೆ."

ಸಾವಿರಾರು ಜನರ ನಡುವೆ, ಕಣ್ಣು ಕಾಣದ ಆ ಹೆಂಗಸು ಖಾಲಿ ಸೀಟಿನ ಪಕ್ಕದಲ್ಲಿ ಮಗನ ಹೆಜ್ಜೆ ಸಪ್ಪಳಕ್ಕಾಗಿ ಕಾಯುತ್ತಿದ್ದಾರೆ, ನನ್ನಿಂದಾಗಿ. ಬಾಸ್ ಎಂದಿನ ಅಭ್ಯಾಸದಂತೆ ಸ್ಪೀಕರಿನ ಗುಂಡಿ ಒತ್ತಿಯೇ ಅಮ್ಮನ ಮೊಬೈಲಿಗೆ ಹಚ್ಚಿದರು. ಜನಜಂಗುಳಿಯ ಗದ್ದಲ ಕೋಣೆ ತುಂಬಿತು, ಅದರೊಳಗಿಂದ ಗಡುಸಾದ ಮುದಿ ದನಿ.

"ಎಲ್ಲಿದ್ದೀಯೋ? ನಿನ್ನ ಸೀಟಿನ ಮೇಲೆ ಕೋಟು ಇಟ್ಟಿದ್ದೇನೆ."

"ಅಮ್ಮ, ನಾನು ಇಲ್ಲೇ ಇದ್ದೇನೆ. ಕತಾರಿನಲ್ಲಿ."

ಆ ಕಡೆ ಬರೀ ಗದ್ದಲ.

"ಯಾಕೆ?"

ಬಾಸ್ ನನ್ನತ್ತ ನೋಡಿದರು. ಹೇಳಲಿ, ನನ್ನ ಹೆಸರು ಹಿಡಿದೇ ಹೇಳಲಿ ಎಂದುಕೊಂಡೆ. ನಾನೇ ಬಾಯಿ ತೆರೆಯಬೇಕೆಂದು ಒಂದು ಹೆಜ್ಜೆ ಮುಂದೆ ಬಂದೆ. ಅವರು ಕೈಯೆತ್ತಿ ತಡೆದರು.

"ನಿದ್ದೆ ಬಂದುಬಿಟ್ಟಿತು ಅಮ್ಮ. ವಿಮಾನ ತಪ್ಪಿತು."

ನಾನು ದಂಗಾದೆ. ಮ್ಯಾನೇಜರುಗಳ ತಪ್ಪನ್ನು ಕೈಕೆಳಗಿನವರು ಹೊತ್ತದ್ದನ್ನು ಬೇಕಾದಷ್ಟು ಕಂಡಿದ್ದೆ. ಇದು ನನ್ನ ಲೆಕ್ಕಕ್ಕೆ ಸಿಗದ ಸಂಗತಿ. ಆಮೇಲೆ ಆ ತಾಯಿ ಬೈದ ಬೈಗುಳವೋ! ಹತ್ತು ವರ್ಷದ ಹುಡುಗನನ್ನು ಬೈಯುವಂತೆ ಬೈದರು. ಸ್ಕೂಲಿಗೂ ಹೀಗೇ ತಡವಾಗಿ ಹೋಗುತ್ತಿದ್ದೆ, ಮದುವೆಗೂ ತಡ, ನಿನಗೆ ಜವಾಬ್ದಾರಿ ಯಾವತ್ತು ಬಂದೀತು. ನಮ್ಮನ್ನೆಲ್ಲ ನಡುಗಿಸುವ ಆ ದೊಡ್ಡ ದೇಹ ತಲೆ ತಗ್ಗಿಸಿ, "ಹೌದಮ್ಮ," "ತಪ್ಪಾಯಿತಮ್ಮ," ಎನ್ನುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೀಟಿ ಊದಿದ್ದು ಕೇಳಿಸಿತು. ಬೈಗುಳ ಅರ್ಧಕ್ಕೇ ನಿಂತಿತು.

"ಫೋನು ಇಡಬೇಡ," ಎಂದರು ಆಕೆ. "ಕೇಳು. ನಾನೇ ಹೇಳುತ್ತೇನೆ."

ಕಣ್ಣು ಕಾಣದ ತಾಯಿ ಮಗನಿಗೆ ಪಂದ್ಯ ಹೇಳತೊಡಗಿದರು. ಆ ಮೈದಾನದಲ್ಲಿ ಮಡಚುವ ಸೀಟುಗಳು. ಜನ ಎದ್ದರೆ ಅವು ಪಟಪಟನೆ ಮಡಚಿಕೊಳ್ಳುತ್ತವೆ. ಆ ಸದ್ದು ಯಾವ ಕಡೆಯಿಂದ ಬಂತು, ಎಷ್ಟು ಜನ ಎದ್ದರು, ನಿಟ್ಟುಸಿರಿಟ್ಟು ಕೂತರೋ ಬೈಯುತ್ತ ಕೂತರೋ, ಇಷ್ಟರಿಂದಲೇ ಆಕೆಗೆ ಚೆಂಡು ಎಲ್ಲಿದೆಯೆಂದು ತಿಳಿಯುತ್ತಿತ್ತು. "ಎಡಗಡೆ ಎದ್ದರು. ನಮ್ಮದು ಮುಂದೆ ಹೋಗುತ್ತಿದೆ. ಛೆ, ಕೂತರು." ಇತ್ತ ಕಂಪ್ಯೂಟರಿನ ಕಾಮೆಂಟರಿ ಅರ್ಧ ನಿಮಿಷ ಹಿಂದೆ ಬೀಳುತ್ತಿತ್ತು. ಆಕೆ ಹೇಳಿ ಮುಗಿಸಿದ್ದನ್ನೇ ಅದು ನಿಧಾನವಾಗಿ ಒಪ್ಪಿಕೊಳ್ಳುತ್ತಿತ್ತು. ಒಂದೇ ಒಂದು ಸಲವೂ ಆಕೆಯದು ತಪ್ಪಲಿಲ್ಲ. ನಾನು ನಿಂತಲ್ಲೇ ನಿಂತಿದ್ದೆ, ಕೂರುವ ನೆನಪೇ ಆಗಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಎರಡೂ ಕಡೆ ಗೋಲಿಲ್ಲ. ಬಾಸಿನ ಮುಖ ಬಿಳುಚಿಹೋಗಿತ್ತು. ಒಮ್ಮೆಲೇ ಫೋನಿನಲ್ಲಿ ಸೀಟುಗಳೆಲ್ಲ ಒಟ್ಟಿಗೇ ಬಡಿದುಕೊಂಡವು. ಆಮೇಲೆ ಎಂಥ ಬೊಬ್ಬೆ ಎಂದರೆ ಮೇಜಿನ ಮೇಲಿನ ಫೋನು ಗಡಗಡ ನಡುಗಿತು. ಆಕೆಯ ಮಾತು ಕೇಳಿಸಲಿಲ್ಲ. ಕಂಪ್ಯೂಟರಿನಲ್ಲಿ ಕಾಮೆಂಟರಿಯವನು ಯಾರಿಗೋ ಕಾಲು ಉಳುಕಿದೆ ಎಂದು ಸಮಾಧಾನವಾಗಿ ಹೇಳುತ್ತಿದ್ದ. ಗೋಲೋ, ಕೂದಲೆಳೆಯಲ್ಲಿ ತಪ್ಪಿದ್ದೋ? ನಾವಿಬ್ಬರೂ ಕಂಪ್ಯೂಟರಿನತ್ತ ಬಾಗಿದೆವು. ಕಾಲು ಉಳುಕಿದವನು ಎದ್ದ, ಚೆಂಡು ಎಸೆದರು, ಒಬ್ಬ ತಲೆಯಿಂದ ತಳ್ಳಿದ, ಕಾಮೆಂಟರಿಯವನು ಕಿರುಚಿದ. ಗೋಲು, ನಮ್ಮದೇ. ನಾನು ಅಳುತ್ತಿದ್ದೆನೆಂದು ನನಗೆ ತಿಳಿದದ್ದು ಬಾಸ್ ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿದಾಗ. ಅವರೂ ಅಳುತ್ತಿದ್ದರು.

ಕೊನೆಯ ಸೀಟಿಯ ನಂತರ ಗದ್ದಲದ ಮಧ್ಯೆ ಆ ದನಿ ಮತ್ತೆ ಬಂತು. "ಎಲ್ಲರೂ ಮೈದಾನಕ್ಕೆ ಇಳಿದರು. ನಾನು ಮಾತ್ರ ಇಲ್ಲೇ ಇದ್ದೇನೆ, ನಿನ್ನ ಕೋಟು ಹಿಡಿದುಕೊಂಡು," ಎಂದರು. ಕೋಟು ಆಕೆಯದೇ. ಆದರೂ 'ನಿನ್ನ' ಎಂದರು. ಬಾಸ್ ಮೇಜಿನ ಮೇಲೆ ತಲೆಯಿಟ್ಟರು. ನಾನು ಹೊರಗೆ ಬಂದು, ಗಂಡ ಕಾಯುತ್ತಿದ್ದ ಕಾರಿನಲ್ಲಿ ಕೂತೆ.

ಆಗಸ್ಟಿನಲ್ಲಿ, ಹೊಸ ಸೀಸನ್ ಶುರುವಾಗುವ ವಾರ, ನನ್ನ ಹುದ್ದೆಯ ಹೆಸರಿಗೆ ಇಂಗ್ಲೆಂಡಿನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಕೀ ಕೊಡುವ ಅಲಾರಂ ಗಡಿಯಾರ, ತಲೆಯ ಮೇಲೆ ಎರಡು ಗಂಟೆಗಳಿದ್ದದ್ದು. ಜೊತೆಗೆ ಪಕ್ಕದ ಮನೆಯವನ ಅಕ್ಷರದಲ್ಲಿ ಚೀಟಿ. 'ನನ್ನ ಮಗನಿಗೆ ನಿದ್ದೆ ಜಾಸ್ತಿ. ಈ ವರ್ಷ ರಜೆಗೆ ಹೊರಡುವ ದಿನ ದಯವಿಟ್ಟು ಎಬ್ಬಿಸಿ.'

ಓದಿ ಬಾಸ್ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆ ಮಧ್ಯಾಹ್ನವೇ ಕೂತು ಪತ್ರ ಟೈಪ್ ಮಾಡಿದೆ: ನಿಮ್ಮ ಮಗ ನಿದ್ದೆ ಮಾಡಲಿಲ್ಲ, ಹಿಂದಿನ ರಾತ್ರಿಯಿಡೀ ಎಚ್ಚರವಿದ್ದು ಹೊರಟವರು, ತಪ್ಪು ಪೂರ್ತಿ ನನ್ನದು. ಕಳಿಸುವ ಮುಂಚೆ ಅವರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು.

"ಬೇಡ," ಎಂದರು. "ಮೇ ತಿಂಗಳಿನಿಂದ ಅವಳು ಬಸ್ಸಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ, ಸಿಕ್ಕಸಿಕ್ಕವರ ಹತ್ತಿರ ನನ್ನನ್ನು ಬೈಯುತ್ತಿದ್ದಾಳಂತೆ. ನಿದ್ದೆಬಡುಕ ಮಗ ಅಂತ. ಬರಲು ಬಿಡಲಿಲ್ಲ ಎಂದು ತಿಳಿದರೆ ಅವಳಿಗೆ ಬೈಯಲು ಯಾರೂ ಇರುವುದಿಲ್ಲ. ಖಾಲಿ ಸೀಟೊಂದೇ ಉಳಿಯುತ್ತದೆ."

ನಾನು ಪತ್ರ ಹರಿದು ಹಾಕಿ ಇನ್ನೊಂದು ಬರೆದೆ. 'ಗಡಿಯಾರ ತಲುಪಿತು. ದಿನವೂ ಕೀ ಕೊಡುತ್ತೇನೆ.' ಆ ಕಂಪನಿಯಲ್ಲಿ ಇದ್ದಷ್ಟು ವರ್ಷವೂ ಕೊಟ್ಟೆ.