ಇಪ್ಪತ್ತರದ್ದೋ, ಮೂವತ್ತರದ್ದೋ

ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುವವಳನ್ನು ನಾವೆಲ್ಲ ಹತ್ತಿಯಕ್ಕ ಅನ್ನುತ್ತೇವೆ. ಪಕ್ಕದ ಮಳಿಗೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ನನಗೆ ಅವಳ ಒಳಹೊರಗೆಲ್ಲ ಗೊತ್ತು. ಗರ್ಭನಿರೋಧಕ ಮಾತ್ರೆ ಕೇಳಿ ಬರುವವರಲ್ಲಿ ಅರ್ಧ ಜನ ಮನೆಯವರ ಕಣ್ಣು ತಪ್ಪಿಸಿ ನುಂಗುವವರು. ಅವರಿಗಾಗಿ ಅವಳು ಡಬ್ಬಿ ಬಿಸಾಕಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಶೀಟಿನ ಬೆನ್ನ ಮೇಲಿನ ಹೆಸರನ್ನು ತಿಕ್ಕಿ ಅಳಿಸಿ ಕೊಡುತ್ತಿದ್ದಳು. ಯಾರಾದರೂ ಕೇಳಿದರೆ ‘ರಕ್ತ ಆಗೋ ಮಾತ್ರೆ’ ಅನ್ನಬೇಕು. ಇದು ಪುಣ್ಯದ ಕೆಲಸವೆಂದೇ ನಾನು ನಂಬಿದ್ದೆ.

ಬಾಯಿ ಜೋರು, ತಲೆಯೂ ಚುರುಕು. ಗಿರಾಕಿ ಇಲ್ಲದ ಹೊತ್ತಲ್ಲಿ ನನಗೆ ಪಾಠ ಹೇಳುವಳು. “ಇದ್ರಲ್ಲಿ ಎರಡು ಹಾರ್ಮೋನ್ ಇರುತ್ತೆ ಕಣೇ, ಈಸ್ಟ್ರೋಜನ್ ಒಂದು, ಪ್ರೊಜೆಸ್ಟಿನ್ ಒಂದು. ಇಪ್ಪತ್ತು, ಮೂವತ್ತು, ಮೂವತ್ತೈದು ಅಂತಾರಲ್ಲ, ಅದು ಈಸ್ಟ್ರೋಜನ್ ಲೆಕ್ಕ, ಮೈಕ್ರೋಗ್ರಾಮಲ್ಲಿ. ಪುಡಿ ಉಪ್ಪಿನ ಒಂದು ಕಾಳಿಗಿಂತ ಕಮ್ಮಿ!”

ಆರು ವರ್ಷದಿಂದ ನಾನು ನುಂಗುತ್ತಿದ್ದದ್ದು ಇಪ್ಪತ್ತರದ್ದು. ಏನೂ ಆಗಿರಲಿಲ್ಲ. ಹೊಸದಾಗಿ ಮದುವೆಯಾದ ತಂಗಿಗೂ ಅದನ್ನೇ ಕೊಡಿಸಿದೆ. ಅವಳಿಗೆ ತಿಂಗಳ ಮಧ್ಯೆ ರಕ್ತದ ಕಲೆ ಕಾಣಿಸಿತು. “ಡೋಸ್ ಸಾಲ್ತಿಲ್ಲ” ಅಂದ ಹತ್ತಿಯಕ್ಕ, ಡಾಕ್ಟರ ಚೀಟಿ ಕೇಳದೆ ಬೇರೆ ಶೀಟು ಕೊಟ್ಟಳು.

ಏಳು ವಾರ ಕಳೆದಿತ್ತು. ಒಂದು ಬೆಳಗ್ಗೆ ತಂಗಿಯ ಎಡ ಮೀನಖಂಡ ಊದಿ ಬಿಸಿಯಾಯಿತು. ಮಧ್ಯಾಹ್ನದೊಳಗೆ ಎದೆ ಹಿಡಿದುಕೊಂಡು ಏದುಸಿರು ಬಿಡತೊಡಗಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, “ಏನಾದ್ರೂ ಮಾತ್ರೆ ತಗೊಳ್ತಿದೀಯಾ?” ಎಂದು ಕೇಳಿದರೆ, ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡು ಮಲಗಿದ್ದವಳು ಪಕ್ಕದಲ್ಲಿ ನಿಂತ ಅತ್ತೆಯ ಮುಖ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಪ್ರಾಣ ಹೋಗುವ ಹೊತ್ತಲ್ಲೂ ಅತ್ತೆಯ ಭಯ! ಅವಳ ಪರ್ಸಿನಿಂದ ಶೀಟು ತೆಗೆದು ಡಾಕ್ಟರಮ್ಮನ ಕೈಗಿಟ್ಟೆ.

ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆಳ್ಳಗೆ ಹೊಳೆಯಿತೇ ಹೊರತು ಒಂದಕ್ಷರ ಇರಲಿಲ್ಲ.

“ಅದು ರಕ್ತ ಆಗೋ ಮಾತ್ರೆ” ಎಂದರು ಅತ್ತೆ.

“ಅಲ್ಲ, ಮಕ್ಕಳಾಗದ ಹಾಗೆ ತಗೊಳ್ಳೋದು” ಎಂದೆ ನಾನು. ಅತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು.

“ಎರಡು ಹಾರ್ಮೋನಿಂದಾ, ಒಂದೇ ಹಾರ್ಮೋನಿಂದಾ? ಎಷ್ಟರದ್ದು? ಈಗ್ಲೇ ಗೊತ್ತಾಗ್ಬೇಕು” ಎಂದು ಡಾಕ್ಟರಮ್ಮ ಗದರಿ, ಸ್ಕ್ಯಾನಿಗೆ ಹೇಳಿ ಕಳಿಸಿದರು.

ಹತ್ತಿಯಕ್ಕನಿಗೆ ಫೋನ್ ಮಾಡಿದೆ. ಅವಳು ಫೋನಿನಲ್ಲೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹೇಳಿದ್ದೂ ಅಲ್ಲದೆ, ಹತ್ತೇ ನಿಮಿಷದಲ್ಲಿ ಅದೇ ಮಾತ್ರೆಯ ಇನ್ನೊಂದು ಡಬ್ಬಿ ಹಿಡಿದುಕೊಂಡು ಓಡಿ ಬಂದಳು.

“ಮೂವತ್ತರದ್ದು, ಎರಡೂ ಹಾರ್ಮೋನ್ ಇರೋದು. ಕೊಟ್ಟಿದ್ದೂ ನಾನೇ, ಹೆಸರು ಅಳಿಸಿದ್ದೂ ನಾನೇ” ಎಂದಳು.

“ನಮ್ಮ ಮನೆ ಹಾಳು ಮಾಡೋಕೆ ನಿಂಗೆ ಯಾರೇ ಹೇಳಿದ್ದು?” ಎಂದು ಅತ್ತೆ ಅವಳ ಮೇಲೆ ಏರಿಹೋದರು. ಡಾಕ್ಟರಮ್ಮ ನಡುವೆ ಬಂದು ನನ್ನನ್ನು ಕೇಳಿದರು: “ನಿಮ್ಮ ತವರಲ್ಲಿ ಯಾರಿಗಾದ್ರೂ ಹೀಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ?”

“ನಮ್ಮಮ್ಮಂಗೆ. ಇವಳು ಹುಟ್ಟಿದಾಗ.”

“ಅಂಥ ಮನೆಯವ್ರಿಗೆ ಈಸ್ಟ್ರೋಜನ್ ಇರೋ ಮಾತ್ರೆ ಕೊಡೋ ಮುಂಚೆ ಹತ್ತು ಸಲ ಯೋಚಿಸ್ಬೇಕು. ಇದನ್ನ ಕೇಳಿದ್ರಾ ನೀವು?”

ಹತ್ತಿಯಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಇಲ್ಲ. ಕಲೆ ನಿಲ್ಲುತ್ತಾ ಇಲ್ವಾ, ಅಷ್ಟೇ ನೋಡ್ದೆ.”

ಸ್ಕ್ಯಾನಿನಲ್ಲಿ ಹೆಪ್ಪು ಶ್ವಾಸಕೋಶದಲ್ಲಿ ಸಿಕ್ಕಿಕೊಂಡದ್ದು ಕಂಡಿತು. ಆಮೇಲಿನ ಮೂರು ಗಂಟೆ ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ. ಸಂಜೆ ಡಾಕ್ಟರಮ್ಮ ಹೊರಬಂದು, “ಉಸಿರಾಟ ಹತೋಟಿಗೆ ಬರ್ತಿದೆ, ಬದುಕ್ತಾಳೆ” ಅಂದಾಗ ಬೆಂಚಿನ ಮೇಲೆ ಕುಸಿದು ಗಟ್ಟಿಯಾಗಿ ಅತ್ತುಬಿಟ್ಟೆ.

ಹತ್ತಿಯಕ್ಕ ಅಳಲಿಲ್ಲ. ನನ್ನನ್ನೇ ದಿಟ್ಟಿಸುತ್ತಿದ್ದಳು.

“ನಿಮ್ಮಿಬ್ಬರಿಗೂ ಒಬ್ಬಳೇ ಅಮ್ಮ” ಎಂದಳು.

“ನಂದು ಬರೀ ಇಪ್ಪತ್ತಲ್ವಾ ಅಕ್ಕಾ?”

“ಇಪ್ಪತ್ತಾದ್ರೂ ಅದೇ ಈಸ್ಟ್ರೋಜನ್ ಕಣೇ. ಏಳು, ಡಾಕ್ಟರ ಹತ್ರ ನಡಿ.”

ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು. ವರಾಂಡದುದ್ದಕ್ಕೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕಿವಿಗೊಟ್ಟೆ.

“ಇಸ್ತ್ರಿಯವನ ಹೆಂಡ್ತಿ... ಮೇಷ್ಟ್ರ ಸೊಸೆ... ಬೇಕರಿ ಅಕ್ಕತಂಗೀರು... ಒಬ್ಬರನ್ನೂ ಕೇಳಿಲ್ಲ ಕಣೇ. ಒಬ್ಬರನ್ನೂ ಕೇಳಿಲ್ಲ.”